ಕಾರೆದೊಡ್ಡಿಯ ಐದು ಮೊಗ

ಕಾರೆದೊಡ್ಡಿಯನ್ನು ಆಳುವವರು ಯಾರು ಎಂದು ಧರ್ಮಪುರಿಯ ಕಚೇರಿಯಲ್ಲಿ ಕೇಳಿದರೆ ಯಾರದೋ ಹೆಸರು ಹೇಳಿ, ಗೋಡೆಯ ಮೇಲಿನ ಬೋರ್ಡು ತೋರಿಸುತ್ತಾರೆ. ಊರಿನಲ್ಲಿ ಕೇಳಿ ನೋಡಿ. ಹೆಂಗಸರು ಸೆರಗಿನ ತುದಿ ಬಾಯಿಗೆ ತುರುಕಿಕೊಳ್ಳುತ್ತಾರೆ, ಗಂಡಸರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬರುತ್ತದೆ. ಆ ಊರನ್ನು ಆಳುವುದು ಐದು ಮೊಗಗಳು. ಹಗುರ ಮರದಲ್ಲಿ ಕೆತ್ತಿ ಸುಣ್ಣ ಬಳಿದ ಐದು ಮುಖವಾಡ, ಒಂದಕ್ಕೊಂದು ತದ್ರೂಪು. ಕಣ್ಣಿನ ಜಾಗದಲ್ಲಿ ಒಂದು ಸೀಳು, ಬಾಯಿಯ ಜಾಗದಲ್ಲಿ ಏನೂ ಇಲ್ಲ. ನೆತ್ತಿಯಿಂದ ಪಾದದವರೆಗೆ ಕರಿಯ ಕಂಬಳಿ. ಒಳಗೆ ಯಾರಿದ್ದಾರೆ ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವರಿಗೂ ಗೊತ್ತಿಲ್ಲ.

ಇದು ಹುಟ್ಟಿದ್ದು ಮೆಟ್ಟೂರು ಅಣೆಕಟ್ಟೆಯ ನೀರಿನಿಂದ. ಬೇಸಿಗೆಯಲ್ಲಿ ನೀರು ಇಳಿದರೆ ಮುಳುಗಿದ ನೆಲ ಮೇಲೆದ್ದು ಬರುತ್ತದೆ. ನೀರು ತಂದು ಹಾಕಿದ ಕಪ್ಪು ವಂಡಲು ಮಣ್ಣು, ಚೆಲ್ಲಿದ್ದೆಲ್ಲ ಚಿಗುರುವ ಮಣ್ಣು. ಮಳೆಗಾಲದಲ್ಲಿ ಅದು ಯಾರದೂ ಅಲ್ಲ, ಬೇಸಿಗೆಯಲ್ಲಿ ಎಲ್ಲರಿಗೂ ಬೇಕು. ಹಿಂದಿನ ಕಾಲದಲ್ಲಿ ಅದಕ್ಕಾಗಿ ಅಣ್ಣತಮ್ಮಂದಿರೇ ಕುಡುಗೋಲು ಹಿಡಿದರಂತೆ. ಯಾರು ಪಾಲು ಮಾಡಿದರೂ ಅವನ ಮೇಲೆ ಊರಿನ ಹಗೆ ಹುಟ್ಟುತ್ತಿತ್ತು. ಮುಖ ಕಂಡರೆ ತಾನೇ ಹಗೆ, ಮುಖ ಮುಚ್ಚೋಣ ಎಂದು ಯಾವನೋ ಜಾಣ ಹೇಳಿದ. ಜಾಣ ಹೇಳಿದ ಮಾತು ದಡ್ಡರ ಕೈಗೆ ಸಿಕ್ಕರೆ ಏನಾಗುತ್ತದೋ ಅದೇ ಆಯಿತು. ಮೊದಲು ನೆಲ ಹಂಚಿದರು. ಆಮೇಲೆ ಯಾರು ಯಾರ ಜೊತೆ ಮಾತಾಡಬಹುದು, ಯಾರ ಮನೆಗೆ ಹಾಲು ಕೊಡಬಾರದು, ಯಾರು ಊರು ಬಿಡಬೇಕು, ಎಲ್ಲವನ್ನೂ ಮೊಗದವರೇ ಹೇಳತೊಡಗಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಗೋವಿಂದಮ್ಮ ಮಾತ್ರ ದೂರಿದಳು. ಅದೇ ಅವಳ ತಪ್ಪು.

ಅವಳಿಗೆ ನಲವತ್ತೆಂಟರ ಮೇಲಾಗಿತ್ತು. ಅಪ್ಪ ಬಿಟ್ಟುಹೋದ ಕುರಿಮಂದೆ, ಅಪ್ಪ ಕಟ್ಟಿದ ಮನೆ, ಅಪ್ಪನಿಂದಲೇ ಬಂದ ನಾಲಿಗೆ. ಗಂಡ ಸಿದ್ದಪ್ಪ ಎಡಪ್ಪಾಡಿ ಕಡೆಯಿಂದ ಮನೆಅಳಿಯನಾಗಿ ಬಂದವನು, ಸಾಧು. ಮಗಳು ರೋಜಾ ಸೇಲಂನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗೋವಿಂದಮ್ಮನ ಕುರಿಗಳು ಬೇಸಿಗೆಯಲ್ಲಿ ನೀರಿಗೆ ಹೋಗಲು ಒಂದೇ ದಾರಿ ಇತ್ತು, ಊರ ತುದಿಯಿಂದ, ಅಣೆಕಟ್ಟೆಯ ನೀರು ಇಳಿದು ಒಣಗಿದ ಕೆರೆಯಂಗಳ ದಾಟಿ ನೀರಿನ ಅಂಚಿಗೆ ಇಳಿಯುವ ಕುರಿದಾರಿ. ಈ ವರ್ಷ ಆ ದಾರಿಯ ನೆಲವನ್ನು ಮೊಗದವರು ರಾಜಾ ಎಂಬವನಿಗೆ ಕೊಟ್ಟರು. ರಾಜಾ ಬೆಳೆ ಇಡುವವನಲ್ಲ. ಜೆಸಿಬಿ ತಂದು ವಂಡಲು ಮಣ್ಣನ್ನು ಅಗೆದು ಲಾರಿಗೆ ತುಂಬಿ ಇಟ್ಟಿಗೆ ಗೂಡಿಗೆ ಕಳಿಸುವವನು. ದಾರಿ ಇದ್ದ ಕಡೆ ಆಳು ಮುಳುಗುವ ಗುಂಡಿ ಬಿತ್ತು. ಗೋವಿಂದಮ್ಮ ಮಂದೆಯನ್ನು ತಂದು ಲಾರಿಯ ಮುಂದೆ ನಿಲ್ಲಿಸಿ, ತಾನೂ ನಿಂತು, ಕಂಬಳಿಯೊಳಗೆ ಅವಿತುಕೊಂಡ ಐವರ ಹುಟ್ಟನ್ನೂ ಎತ್ತಿ ಆಡಿದಳು.

ವಾರ ಕಳೆಯುವುದರೊಳಗೆ ಕೂಟ ಕರೆದರು. ಮೊಗದವರು ಕೂತ ಕಡೆ ಮಾತಿಲ್ಲ, ಬೀಜವಷ್ಟೇ. ಐವರ ಮುಂದೆ ಒಂದು ಮೊರ ಇಡುತ್ತಾರೆ. ತಪ್ಪಿತಸ್ಥರು ಎಂದರೆ ಹುಣಸೆಬೀಜ, ಬಿಟ್ಟುಬಿಡಿ ಎಂದರೆ ಅವರೆಕಾಳು. ಐದೂ ಹುಣಸೆಬೀಜ ಬಿದ್ದರೆ ಮಾತ್ರ ತೀರ್ಪು ನಿಲ್ಲುತ್ತದೆ. ಒಂದೇ ಒಂದು ಅವರೆಕಾಳು ಬಿದ್ದರೂ ಸಾಕು, ದೂರು ಬಿದ್ದುಹೋಗುತ್ತದೆ. ಅವತ್ತು ಮೊರದಲ್ಲಿ ಬಿದ್ದವು ಐದೂ ಕಪ್ಪಗಿದ್ದವು. ಈ ಬೇಸಿಗೆ ಪೂರ್ತಿ ಗೋವಿಂದಮ್ಮನ ಕುರಿ ಕೆರೆಯಂಗಳಕ್ಕೆ ಇಳಿಯಬಾರದು, ಅವಳ ಜೊತೆ ಊರು ಮಾತಾಡಬಾರದು ಎಂದು ಸಾರಿದರು.

ಸಂಜೆ ಸಿದ್ದಪ್ಪ ಮನೆಗೆ ಬಂದು ವಿಷಯ ಕೇಳಿ ಹಣೆಗೆ ಕೈ ಹಚ್ಚಿ ಕೂತ.

‘ಮೊಗದೋರು ಯೋಳವ್ರೆ ಅಂದ್ಮ್ಯಾಲೆ ಏನ್ ಮಾಡದು ಗೋವಿಂದಿ. ನೀನು ನಾಲ್ಗೆ ಸುಮ್ಕೆ ಮಡಗ್ಬೇಕಾಗಿತ್ತು.’

‘ಕುರಿ ಬಾಯಾರ್ಕೊಂಡು ಸಾಯ್ತಾವೆ. ಅದ್ಕೇನ್ ಮಾಡ್ತೀಯ?’

‘ಪಾವಂ,’ ಅಂದ ಸಿದ್ದಪ್ಪ. ಪಾಪ ಎಂದದ್ದು ಕುರಿಗೋ ಹೆಂಡತಿಗೋ ತಿಳಿಯಲಿಲ್ಲ.

ಅವನು ಕೂಟದಲ್ಲಿ ಇರಲಿಲ್ಲವೇ ಎಂದು ಕೇಳಬೇಡಿ. ಕೂಟದ ದಿನ ಊರಿನಲ್ಲಿ ಮೀಸೆ ಬಲಿತ ಗಂಡಸು ಯಾರೂ ಇರುವ ಹಾಗಿಲ್ಲ. ಬೆಳಕು ಹರಿಯುವ ಮೊದಲೇ ಎಲ್ಲರೂ ಒಬ್ಬೊಬ್ಬರಾಗಿ ಮನೆ ಬಿಡಬೇಕು. ಒಬ್ಬ ಮೆಟ್ಟೂರಿಗೆ ಅನ್ನುತ್ತಾನೆ, ಒಬ್ಬ ಸಂತೆಗೆ ಅನ್ನುತ್ತಾನೆ. ಅವರಲ್ಲಿ ಐವರು ಎಲ್ಲೋ ಕಾಡಿನಲ್ಲಿ ಕಂಬಳಿ ಹೊದ್ದು ಮೊಗ ಕಟ್ಟಿಕೊಂಡು ತಿರುಗಿ ಬರುತ್ತಾರೆ. ಯಾವ ಐವರು? ಸಂಜೆ ಬಂದ ಗಂಡನನ್ನು ಹೆಂಡತಿ ‘ಎಲ್ಲಿಗೆ ಹೋಗಿದ್ದೆ’ ಎಂದು ಕೇಳಬಾರದು. ಇದು ಆ ಊರಿನ ಹೆಣ್ಣುಮಕ್ಕಳಿಗೆ ಮದುವೆಯ ದಿನವೇ ಹೇಳಿಕೊಡುವ ಬುದ್ಧಿ. ಗೋವಿಂದಮ್ಮನೂ ಕೇಳಿದವಳಲ್ಲ. ಊರಿಗೆಲ್ಲ ಚುರುಕಾದ ಆ ನಾಲಿಗೆ ಇದೊಂದರಲ್ಲಿ ಮಾತ್ರ ಸುಮ್ಮನಿತ್ತು, ಅದಕ್ಕೆ ಕಾರಣವೂ ಇತ್ತು. ಸಿದ್ದಪ್ಪನಂಥ ಮೆದು ಮನುಷ್ಯನನ್ನು ಯಾರು ಕರೆದು ಮೊಗ ಕೊಡುತ್ತಾರೆ ಎಂದು ಅವಳು ಒಳಗೊಳಗೇ ನಗುತ್ತಿದ್ದಳು.

ತೀರ್ಪಿನ ಮಾರನೆಯ ದಿನದಿಂದ ಊರು ಅವಳಿಗೆ ಬೆನ್ನು ತಿರುಗಿಸಿತು. ಅಂಗಡಿಯವನು ಅವಳು ನಿಂತಿದ್ದರೂ ಅವಳ ಹಿಂದಿನವರಿಗೆ ಬೆಲ್ಲ ತೂಗಿದ. ಎದುರುಮನೆಯ ಮಾರಕ್ಕ, ಹೆರಿಗೆಯಲ್ಲಿ ಇವಳ ಕೈ ಹಿಡಿದು ಕೂಗಿದ್ದವಳು, ಈಗ ಇವಳನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಗೋವಿಂದಮ್ಮ ಮಂದೆಯನ್ನು ಗುಡ್ಡದಾಚೆಯ ಒಂದು ಕಲ್ಲುಗುಂಡಿಯ ನೀರಿಗೆ ಹೊಡೆದುಕೊಂಡು ಹೋಗುತ್ತಿದ್ದಳು. ಹೋಗುವುದರಲ್ಲೇ ಕುರಿಗಳ ಕಾಲು ಸೋಲುತ್ತಿತ್ತು. ಮರಿಗಳು ದಾರಿಯಲ್ಲೇ ಕೂತುಬಿಡುತ್ತಿದ್ದವು. ಆ ಗುಂಡಿಯೂ ದಿನದಿನಕ್ಕೆ ಕೆಸರಾಯಿತು. ಮೊದಲು ಒಂದು ಮುದಿ ಕುರಿ ಬಿತ್ತು, ಆಮೇಲೆ ಗಬ್ಬದ ಕುರಿಯೊಂದು ಕಂದು ಹಾಕಿತು.

ರೋಜಾ ಫೋನಿನಲ್ಲಿ ತಮಿಳಿನಲ್ಲೇ ರೇಗಿದಳು. ‘ಅಮ್ಮಾ, ಪೋಲೀಸ್ಲ ಕಂಪ್ಲೇಂಟ್ ಕುಡು. ಏನ್ ಭಯಪ್ಪಡುರೆ?’

‘ಯಾರ್ ಮ್ಯಾಲೆ ಕೊಡ್ಲಿ ಕಣವ್ವ? ಎಸ್ರು ಕೇಳ್ತಾರೆ ಸ್ಟೇಷನ್ನಾಗೆ. ಎಸ್ರೇನು ಯೋಳ್ಲಿ, ಸುಣ್ಣ ಬಳ್ದ ಮರ ಅಂತ್ಲಾ?’

ಮಗಳು ಮಾತು ತಿರುಗಿಸಿದಳು. ಕುರಿಗಳನ್ನು ಮಾರಿ ಸೇಲಂಗೆ ಬಂದುಬಿಡು ಎಂದಳು. ಗೋವಿಂದಮ್ಮ ಫೋನಿಟ್ಟಳು. ಮಾರುವುದಂತೆ! ಅಪ್ಪ ಸಾಯುವಾಗ ಮಂದೆಯ ನಡುವೆಯೇ ಮಲಗಿಸಿ ಎಂದು ಕೇಳಿ ಮಲಗಿ ಸತ್ತವನು. ಆ ಮಂದೆ ಕೈಬಿಟ್ಟರೆ ತಾನು ಯಾರ ಮಗಳು ಎಂದು ಅವಳಿಗೇ ತಿಳಿಯದು. ಅವಳು ಎರಡನೆಯ ಕೂಟ ಕೇಳಿದಳು.

ಎರಡನೆಯ ಕೂಟ ಕೇಳಲು ಗಟ್ಟಿ ಗುಂಡಿಗೆ ಬೇಕು. ಯಾರು ಬೇಕಾದರೂ ಒಂದು ಸಲ ಕೇಳಬಹುದು, ಆದರೆ ಸೋತರೆ ಸಂಜೆಯೊಳಗೆ ಮಂದೆ ಊರಿನ ಪಾಲು, ಕೇಳಿದವರು ಊರಿನಾಚೆ. ಹಿಂದೆ ಕೇಳಿದವರು ಯಾರೂ ಗೆದ್ದ ನೆನಪಿಲ್ಲ. ಸಿದ್ದಪ್ಪ ರಾತ್ರಿ ಊಟ ಬಿಟ್ಟ.

‘ಬ್ಯಾಡ ಗೋವಿಂದಿ. ಸುಮ್ಮಾ ಇರು. ಮಳೆ ಬಂದ್ರೆ ಎಲ್ಲಾ ಸರಿ ಓಯ್ತದೆ.’

‘ಐದ್ ಜನದಾಗೆ ಒಬ್ನಿಗಾದ್ರೂ ಎಂಡ್ರು ಮಕ್ಳು ಇರಾಕಿಲ್ವಾ? ಒಬ್ಬ ಒಂದು ಅವ್ರೆಕಾಳು ಆಕುದ್ರೆ ಸಾಕಲ್ಲ.’

ಸಿದ್ದಪ್ಪ ಕೈ ತೊಳೆದುಕೊಂಡು ಹೊರಗೆ ಹೋದ. ಕೂಟದ ದಿನ ಬೆಳಗ್ಗೆ ಅವನು ಎದ್ದು ಹೋದದ್ದು ಅವಳಿಗೆ ಗೊತ್ತಾಯಿತು. ಎದ್ದು ಕೂತು ಏನಾದರೂ ಒಂದು ಮಾತು ಹೇಳಿಹೋದಾನು ಎಂದು ಅವಳು ಕಣ್ಣು ಮುಚ್ಚಿಕೊಂಡೇ ಕಾದಳು. ಅವನು ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು ಹೋದ.

ಮಂದೆ ಕಾಯಲು ಬೇರೆ ಯಾರೂ ಇರಲಿಲ್ಲ. ಯಾರನ್ನು ಕರೆದರೂ ಬರುವ ಹಾಗಿಲ್ಲ. ಗೋವಿಂದಮ್ಮ ಕುರಿಗಳನ್ನು ಜೊತೆಗೇ ಹೊಡೆದುಕೊಂಡು ಕೂಟಕ್ಕೆ ಹೋದಳು. ಕೂಟ ಸೇರುವುದು ಕೆರೆಯಂಗಳದ ಮೇಲಂಚಿನಲ್ಲಿ, ನೀರು ಇಳಿದಾಗ ಎದ್ದು ನಿಲ್ಲುವ ಕಲ್ಲುಮಂಟಪದಲ್ಲಿ. ಸುತ್ತ ಹೆಂಗಸರು, ಮೀಸೆ ಬಲಿಯದ ಹುಡುಗರು. ಎಲ್ಲರ ಮೊಬೈಲನ್ನೂ ಒಂದು ಮಂಕರಿಗೆ ಹಾಕಿಸಿಕೊಂಡು ಮೇಲೆ ಗೋಣಿ ಮುಚ್ಚಿದ್ದರು. ಮೊಗದವರ ಪರವಾಗಿ ಮಾತಾಡುವವನು ವೆಂಕಟಾಚಲಂ. ಅಣೆಕಟ್ಟೆಯ ಕೆಲಸದಿಂದ ನಿವೃತ್ತನಾಗಿ ಬಂದವನು, ನೀರಿನ ಭೋರಿಗಿಂತ ಜೋರಾಗಿ ಕೂಗಿ ಕೂಗಿ ಗಂಟಲು ಬಲಿತಿತ್ತು. ಕೂಟದಲ್ಲಿ ತೆರೆದ ಮುಖದ ಹಿರಿಯ ಗಂಡಸು ಅವನೊಬ್ಬನೇ.

ಐವರೂ ಮಂಟಪದ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ಬಿಸಿಲಿಗೆ ಸುಣ್ಣದ ಮುಖಗಳು ಕಣ್ಣು ಕುಕ್ಕುತ್ತಿದ್ದವು. ಗೋವಿಂದಮ್ಮ ಅವರ ಎದುರಿಗೆ, ತನ್ನ ಮಂದೆಗೆ ಬೆನ್ನು ಮಾಡಿ ನಿಂತಳು.

‘ಯೋಳಮ್ಮ,’ ಅಂದ ವೆಂಕಟಾಚಲಂ. ‘ತಪ್ಪು ಒಪ್ಕೊಂಡ್ರೆ ಈಗ್ಲೇ ಒಪ್ಕೊ.’

‘ತಪ್ಪು ಮಾಡ್ದೋರು ಕಂಬ್ಳಿ ಒದ್ಕೊಂಡವ್ರೆ. ನಾನು ಮೊಗ ಬಿಟ್ಕೊಂಡು ಬಂದಿವ್ನಿ.’

ಹೆಂಗಸರ ಗುಂಪಿನಲ್ಲಿ ಯಾರೋ ಉಸಿರು ಎಳೆದುಕೊಂಡರು. ಮಾರಕ್ಕ ನೆಲ ನೋಡಿದಳು.

‘ನಂಗೆ ಮಣ್ಣು ಬ್ಯಾಡ, ಬೆಳೆ ಬ್ಯಾಡ,’ ಅಂದಳು ಗೋವಿಂದಮ್ಮ. ‘ನನ್ ಕುರಿ ನೀರ್ ಕುಡೀಬೇಕು, ಅಷ್ಟೇ. ಅದ್ಕೆ ದಾರಿ ಬುಡ್ರಿ. ಇಲ್ಲಾಂದ್ರೆ ಯಾಕೆ ಬುಡಾಕಿಲ್ಲ ಅಂತ ಒಬ್ರಾದ್ರೂ ಬಾಯ್ಬುಟ್ಟು ಯೋಳ್ರಿ.’

ಬಾಯಿಯೇ ಇಲ್ಲದ ಮೊಗಗಳು ಏನು ಹೇಳಿಯಾವು? ವೆಂಕಟಾಚಲಂ ಮೊರ ಇಟ್ಟ. ಮೊದಲನೆಯ ಕಂಬಳಿಯಿಂದ ಕೈಯೊಂದು ಹೊರಬಂತು, ಬಟ್ಟೆ ಸುತ್ತಿದ ಕೈ. ಟಕ್ ಎಂದು ಹುಣಸೆಬೀಜ ಬಿತ್ತು. ಎರಡನೆಯದೂ ಅದೇ. ಮೂರನೆಯದಕ್ಕೆ ತುಸು ತಡವಾಯಿತು, ಗೋವಿಂದಮ್ಮ ಮೊರದತ್ತ ಬಾಗಿದಳು, ಆದರೆ ಬಿದ್ದದ್ದು ಕಪ್ಪೇ. ನಾಲ್ಕನೆಯದೂ ಕಪ್ಪಾಗಿಯೇ ಬಿತ್ತು. ಅವಳು ಯಾರ ಮುಂದೆಯೂ ಅಳದ ಹೆಂಗಸು. ಆ ಹೊತ್ತಿನಲ್ಲಿ ಅಳು ಬಂದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಅವಳ ಬೆನ್ನ ಹಿಂದೆ ಏನಾಗುತ್ತಿತ್ತು ಎಂಬುದು ಅವಳಿಗೆ ಕಾಣಲಿಲ್ಲ. ಕಟ್ಟೆಯ ಮೇಲಿದ್ದವರಿಗೆ ಕಾಣುತ್ತಿತ್ತು. ಆ ಬದಿಯಲ್ಲಿ ಕೊಯ್ಲು ಮುಗಿದ ಜೋಳದ ಹೊಲವಿತ್ತು. ಹೋದ ವಾರ ಹನಿದ ಒಂದು ಮಳೆಗೆ ಕೂಳೆ ಚಿಗುರಿ ಹಸುರಾಗಿ ನಿಂತಿತ್ತು. ಕುರಿ ಸಾಕುವವರ ಮನೆಯ ಕೂಸಿಗೂ ಗೊತ್ತು, ಆ ಎಳೆ ಚಿಗುರು ವಿಷ. ಹಸಿದ ಕುರಿ ನಾಲ್ಕು ಬಾಯಿ ಮೇಯ್ದರೆ ಹೊಟ್ಟೆ ಉಬ್ಬಿ, ಬಾಯಲ್ಲಿ ನೊರೆ ಬಂದು, ನಿಂತಲ್ಲೇ ಉರುಳುತ್ತದೆ. ಬಾಯಾರಿದ ಮಂದೆ ಆ ಹಸುರನ್ನು ಕಂಡು ಮೆಲ್ಲಗೆ ತಿರುಗಿ, ಆಮೇಲೆ ಓಡಿತು. ಕೆಳಗೆ ನಿಂತವರ ಕಣ್ಣೆಲ್ಲ ಮೊರದ ಮೇಲಿತ್ತು.

ಐದನೆಯ ಕೈ ಮೊರದ ಮೇಲೆ ಬಂದು ನಿಂತಿತ್ತು. ಆಗ ಆ ಕೂಗು ಎದ್ದಿತು.

‘ಟುರ್ರ್ರ್... ಹೋಯ್ ಹೋಯ್... ಬಾಆಆಓ!’

ಒಂದೊಂದು ಕುರಿಮನೆಗೂ ಒಂದೊಂದು ಕೂಗು ಇರುತ್ತದೆ. ಮರಿಯಾಗಿದ್ದಾಗಿನಿಂದ ಕೇಳಿದ ಆ ಕೂಗಿಗಲ್ಲದೆ ಬೇರೆ ಯಾವುದಕ್ಕೂ ಮಂದೆ ತಿರುಗುವುದಿಲ್ಲ. ಇನ್ನೊಬ್ಬರ ಕೂಗನ್ನು ಅಣಕಿಸಬಹುದು, ಕುರಿ ತಲೆ ಎತ್ತಿಯೂ ನೋಡದು. ಈ ಕೂಗು ಗೋವಿಂದಮ್ಮನ ಅಪ್ಪನದು. ಅದನ್ನು ಬಲ್ಲವರು ಮೂವರೇ. ಅಪ್ಪ ಮಣ್ಣಿನಲ್ಲಿದ್ದ. ಗೋವಿಂದಮ್ಮ ಬಾಯಿ ಬಿಟ್ಟಿರಲಿಲ್ಲ.

ಚಿಗುರಿಗೆ ಬಾಯಿ ಹಾಕಲಿದ್ದ ಮಂದೆ ಗಕ್ಕನೆ ನಿಂತು ತಿರುಗಿತು. ಧೂಳೆಬ್ಬಿಸಿಕೊಂಡು ಬಂದು, ಗೋವಿಂದಮ್ಮನ ಎಡಬಲದಿಂದ ನುಗ್ಗಿ, ಕಟ್ಟೆ ಹತ್ತಿ, ಐದನೆಯ ಕಂಬಳಿಯನ್ನು ಸುತ್ತಿಕೊಂಡಿತು. ಮರಿಯೊಂದು ಕಂಬಳಿಯ ಅಂಚಿನೊಳಗೆ ಮೂತಿ ತೂರಿಸಿತು. ಆ ಮನುಷ್ಯ ಎದ್ದು ನಿಂತುಬಿಟ್ಟಿದ್ದ. ಬಟ್ಟೆ ಸುತ್ತಿದ ಅವನ ಕೈ ಇನ್ನೂ ಚಾಚಿಕೊಂಡೇ ಇತ್ತು. ಬೆರಳ ನಡುವೆ ಹುಣಸೆಬೀಜವಿತ್ತು.

ಗೋವಿಂದಮ್ಮ ಆ ಬೀಜವನ್ನು ನೋಡಿದಳು. ಇಪ್ಪತ್ತಾರು ವರ್ಷ ಒಂದೇ ಚಾಪೆಯಲ್ಲಿ ಮಲಗಿದವನ ಕೈಯಲ್ಲಿ ತನ್ನನ್ನು ಊರಿನಾಚೆ ಹಾಕುವ ಬೀಜ. ಹೋದ ಸಲವೂ ಇದೇ ಕೈ. ಅವತ್ತು ಇವನು ಹಣೆಗೆ ಕೈ ಹಚ್ಚಿ ಕೂತಿದ್ದನಲ್ಲ, ಪಾವಂ ಅಂದಿದ್ದನಲ್ಲ! ಒಂದು ಅವರೆಕಾಳು ಹಾಕಲು ಇವನಿಗೇನು ಬಂದಿತ್ತು ರೋಗ? ಯಾರು ಹಾಕಿದರೆಂದು ಉಳಿದ ನಾಲ್ವರಿಗೆ ತಿಳಿದೀತು ಎಂಬ ಭಯವೋ? ಮನೆಅಳಿಯ ಎಂದು ಊರಿನಲ್ಲಿ ಯಾರೂ ಕಿವಿಗೊಡದ ಮನುಷ್ಯನಿಗೆ ಈ ಮರದ ಮುಖ ಒಂದು ಬೆಲೆ ತಂದುಕೊಟ್ಟಿತ್ತೋ? ಇರಬಹುದು, ಎರಡೂ ಇರಬಹುದು. ಅವಳಿಗೆ ಅದು ಬೇಡವಾಗಿತ್ತು. ಕುರಿ ಸಾಯುತ್ತವೆ ಎಂದಾಗ ಅವನ ಕರುಳು ಬಾಯಿಗೆ ಬಂತು, ತಾನು ಹಾಳಾಗುತ್ತೇನೆ ಎಂದಾಗ ಬರಲಿಲ್ಲ. ಅದೊಂದು ಅವಳ ಎದೆಗೆ ನೆಟ್ಟಿತು, ಅಷ್ಟು ಜನರ ನಡುವೆ ಅವಳಿಗೆ ನಾಚಿಕೆಯಾಯಿತು.

ಕೂಟದಲ್ಲಿ ದನಿ ತೆಗೆದ ಮೊಗವನ್ನು ಅಲ್ಲೇ ಬಿಚ್ಚಿಸಿ ಸುಡಬೇಕು ಎಂಬುದು ಕಟ್ಟಳೆ. ಆ ಕೂಗು ಯಾರ ಮನೆಯದು ಎಂದು ಅಲ್ಲಿದ್ದ ಹೆಂಗಸರಿಗೆಲ್ಲ ಗೊತ್ತು, ಬೆಳಗಾಗೆದ್ದು ಕೇಳುವ ಕೂಗು. ಗೋವಿಂದಮ್ಮ ತಿರುಗಿ ಅವರನ್ನು ನೋಡಿದಳು.

‘ಕೇಳುದ್ರಲ್ಲ?’ ಅಂದಳು.

ಮೊದಲು ಬಾಯಿ ಬಿಟ್ಟವಳು ಮಾರಕ್ಕ. ಕಣ್ಣು ಮಾತ್ರ ಮೇಲೆತ್ತಲಿಲ್ಲ. ‘ಯಾರೋ ಕಾಡ್ನಾಗಿಂದ ಕೂಗ್ದಂಗಾಯ್ತು.’

‘ಊಂ, ಕಾಡ್ನಾಗಿಂದ್ಲೇ,’ ಅಂದಳು ಇನ್ನೊಬ್ಬಳು.

‘ಯಾರೋ ಆ ಕಡೆ ಊರೋರು ಇರ್ಬೇಕು.’

ಒಬ್ಬೊಬ್ಬರಾಗಿ ಎಲ್ಲರೂ ಅದನ್ನೇ ಹೇಳಿದರು. ಹುಡುಗರೂ ಹೇಳಿದರು. ಗೋವಿಂದಮ್ಮನಿಗೆ ಆಗ ತಿಳಿಯಿತು. ಇವತ್ತು ಒಂದು ಮೊಗ ಬಿಚ್ಚಿದರೆ ನಾಳೆ ಉಳಿದ ನಾಲ್ಕೂ ಬಿಚ್ಚುತ್ತವೆ. ಒಳಗೆ ಯಾರ ಗಂಡ, ಯಾರ ಅಪ್ಪ ಇದ್ದಾನೋ? ಯಾರ ನೆಲವನ್ನು ಯಾರು ಕಿತ್ತುಕೊಂಡದ್ದು ಎಂದು ಹೊರಬೀಳುತ್ತದೋ? ಅವರಿಗೆ ಅದು ಬೇಡ. ಕಂಬಳಿ ಹೊದ್ದವರು ಐವರು, ಕಣ್ಣು ಮುಚ್ಚಿದವರು ಊರಿಗೆ ಊರೇ. ಇಷ್ಟು ದಿನ ತಾನೂ ಅವರಲ್ಲಿ ಒಬ್ಬಳಾಗಿದ್ದೆ ಎಂದು ನೆನೆದು ಅವಳ ಸಿಟ್ಟು ಇನ್ನೂ ಕಹಿಯಾಯಿತು.

ನಡುವೆ ಕೂತಿದ್ದ ಮೊಗ ಕೋಲಿನಿಂದ ಕಲ್ಲನ್ನು ಎರಡು ಸಲ ಕುಟ್ಟಿತು. ವೆಂಕಟಾಚಲಂ ಹತ್ತಿರ ಹೋಗಿ ಬಾಗಿ, ಬೆರಳಿನ ಸನ್ನೆ ನೋಡಿ, ಗಂಟಲು ಸರಿಮಾಡಿಕೊಂಡ.

‘ಐದು ಬೀಜ ಬೀಳ್ಲಿಲ್ಲ. ಅದ್ರಿಂದ ದೂರು ಬಿದ್ದೋಯ್ತು. ಕುರಿದಾರಿ ಬುಟ್ಟೈತೆ, ರಾಜಾ ಗುಂಡಿ ಮುಚ್ಚಿಕೊಡ್ತಾನೆ. ಮಾತು ಬಂದ್ ಮಾಡಿದ್ದೂ ತೀರ್ತು.’ ಆಮೇಲೆ ದನಿ ಇಳಿಸಿದ. ‘ಇಲ್ಲಿ ನಡ್ದಿದ್ದು ಇಲ್ಲಿಗೇ ಆಯ್ತು. ಒಪ್ಗೆ ತಾನೇ ಗೋವಿಂದಮ್ಮ?’

ಬಿಸಿತುಪ್ಪ ಬಾಯಿಗೆ ಬಿದ್ದಿತ್ತು. ಬೇಡ ಎಂದರೆ ಮಂದೆ ಹೋಯಿತು. ಕುರಿಗಳು ಆಗಲೇ ನಾಲಿಗೆ ಚಾಚಿ ಏದುಸಿರು ಬಿಡುತ್ತಿದ್ದವು. ನೀರಿನ ವಾಸನೆ ಗಾಳಿಯಲ್ಲಿತ್ತು. ಗೋವಿಂದಮ್ಮ ಕಟ್ಟೆಯ ಹತ್ತಿರಕ್ಕೆ ಹೋದಳು. ಐದನೆಯ ಮೊಗದ ಕಣ್ಣಿನ ಸೀಳಿನೊಳಗೆ ನೋಡಿದಳು. ಕತ್ತಲು ಬಿಟ್ಟು ಏನೂ ಕಾಣಲಿಲ್ಲ. ಅವಳು ಅವನನ್ನು ಮುಟ್ಟಲಿಲ್ಲ, ಬೈಯಲೂ ಇಲ್ಲ. ಕಂಬಳಿಯೊಳಗೆ ಮೂತಿ ತೂರಿಸಿದ್ದ ಮರಿಯನ್ನು ಎಳೆದು ಹೆಗಲಿಗೆ ಹಾಕಿಕೊಂಡಳು.

‘ಒಪ್ಗೆ,’ ಅಂದು ಮಂದೆಯನ್ನು ಕೂಗಿ ಹೊರಟಳು.

ಗುಂಡಿ ಬಳಸಿ ಪಕ್ಕದ ಹೊಲಗಳ ಬದುವಿನಲ್ಲಿ ಇಳಿದರೂ ಅವತ್ತು ಯಾರೂ ತಡೆಯಲಿಲ್ಲ. ನೀರಿನ ಅಂಚಿನಲ್ಲಿ ಕುರಿಗಳು ಮೊಣಕಾಲೂರಿ ಕುಡಿದವು. ಅವಳೂ ಬೊಗಸೆಯಲ್ಲಿ ಕುಡಿದು, ಮುಖಕ್ಕೆ ಎರಚಿಕೊಂಡು, ಯಾರೂ ಇಲ್ಲದ ಕಡೆ ಕೂತು ಮನಸಾರೆ ಅತ್ತಳು. ಗೆದ್ದದ್ದಕ್ಕೆ ಅಳುವ ಹೆಂಗಸನ್ನು ಕಂಡು ಮೀನು ಹಿಡಿಯುವವರು ದೂರದಿಂದಲೇ ಬುಟ್ಟಿಯಂಥ ಪರಿಸಲು ದೋಣಿ ತಿರುಗಿಸಿಕೊಂಡು ಹೋದರು. ಹೊತ್ತು ವಾಲಿದ ಮೇಲೆ ಮಂದೆಯನ್ನು ಹಟ್ಟಿಗೆ ಸೇರಿಸಿ, ಮುದ್ದೆ ತೊಳಸಿ, ಒಬ್ಬಳೇ ಕೂತು ಉಂಡಳು.

ದೀಪ ಹಚ್ಚುವ ಹೊತ್ತಿಗೆ ಸಿದ್ದಪ್ಪ ಬಂದ. ಎಂದಿನ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್, ಬಸ್ಸಿನಲ್ಲಿ ಬಂದವನ ಹಾಗೆ ದಣಿದ ನಡೆ. ಎದುರುಮನೆಯಲ್ಲಿ ಮಾರಕ್ಕ ಬಾಗಿಲು ಹಾಕಿಕೊಳ್ಳದೆ ನಿಂತು ನೋಡುತ್ತಿದ್ದಳು. ಸಿದ್ದಪ್ಪ ಹೊರಗಿನ ಕೊಳಗದ ನೀರಿನಲ್ಲಿ ಕಾಲು ತೊಳೆದ. ಗೋವಿಂದಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಅವನು ಒಂದು ಮಾತು ಆಡಲಿ ಎಂದು ಕಾಯುತ್ತಿದ್ದಳು. ತಪ್ಪಾಯಿತು ಎಂದರೂ ಸರಿ, ಏನು ಮಾಡಲಿ ಎಂದರೂ ಸರಿ, ಸುಮ್ಮನೆ ತಲೆ ತಗ್ಗಿಸಿದರೂ ಸರಿ. ಹಾಗೆ ಮಾಡಿದ್ದರೆ ಅವಳು ಅವನನ್ನು ಒಳಗೆ ಕರೆದು, ಸೌದೆಯಲ್ಲಿ ನಾಲ್ಕು ಬಾರಿಸಿ, ಆಮೇಲೆ ಮುದ್ದೆ ಇಡುತ್ತಿದ್ದಳು.

ಸಿದ್ದಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ತಲೆ ಎತ್ತಿದ. ಅವನ ಮುಖದಲ್ಲಿ ಏನೂ ಇರಲಿಲ್ಲ.

‘ಏನಾಯ್ತು ಗೋವಿಂದಿ?’ ಅಂದ. ‘ಮೊಗದೋರು ಏನ್ ಯೋಳುದ್ರು?’

ಗೋವಿಂದಮ್ಮ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಗುರುತಿಲ್ಲದವರು ಬಾಗಿಲಿಗೆ ಬಂದಾಗ ಎಳೆದುಕೊಳ್ಳುವ ಹಾಗೆ.

‘ಯಾರ್ ಬೇಕಾಗಿತ್ತು ನಿಮ್ಗೆ?’

‘ಲೇ, ನಾನ್ಲೇ.’

‘ಮನ್ಯಾಗೆ ಗಂಡಸ್ರು ಯಾರೂ ಇಲ್ಲ,’ ಎಂದು ಗೋವಿಂದಮ್ಮ ಬಾಗಿಲು ಹಾಕಿ ಅಗುಳಿ ಜಡಿದಳು.